ಮೀಟರ್ ಇಳೀತಾ ಇತ್ತು, ಪಿಸ್ಟನ್ ಜಾಮ್ ಆಯ್ತು: ಟೂ-ಸ್ಟ್ರೋಕ್ ಇಂಜಿನ್ನಿನ ಇಜಿಟಿ ಓದೋದು ಹೇಗೆ

ಇದು ಈ ವಾರದ ವಿಡಿಯೋ ಮಾತಿನ ಬರಹ ರೂಪ. ಮಾತಾಡುವಾಗ ಗಡಿಬಿಡಿಯಲ್ಲಿ ಓಡಿಸಿಬಿಟ್ಟ ಲೆಕ್ಕಗಳನ್ನು ಇಲ್ಲಿ ನಿಧಾನವಾಗಿ ಬರೆದಿದ್ದೀನಿ. ಲೋಕಲ್‌ನಲ್ಲಿ ನಿಂತುಕೊಂಡು ಓದೋರಿಗೆ ಠಾಣೆಯಿಂದ ದಾದರ್ ಬರುವಷ್ಟರಲ್ಲಿ ಮುಗಿಯುತ್ತೆ.

2025ರ ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಆರೂವರೆ. ಪನವೇಲ್ ದಾಟಿ ಖೊಪೋಲಿ ಕಡೆಗೆ ಹಳೇ ಪುಣೆ ರಸ್ತೆಯಲ್ಲಿ ಹೋಗ್ತಾ ಇದ್ದೆ. ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೆ ಪ್ರವೇಶ ಇಲ್ಲ, ನಿಮಗೆ ಗೊತ್ತಿರೋದೇ. ಬೈಕು ಅಪ್ಪನದು, 1992ರ ಯಮಹಾ ಆರ್‌ಎಕ್ಸ್ 100. ಚಳಿ ಚೆನ್ನಾಗಿತ್ತು, ರಸ್ತೆ ಖಾಲಿ, ಇಂಜಿನ್ ಯಾವತ್ತೂ ಎಳೆಯದಷ್ಟು ಚೆನ್ನಾಗಿ ಎಳೀತಾ ಇತ್ತು. ಹ್ಯಾಂಡಲ್ ಮೇಲೆ ನಾನೇ ಮಾಡಿ ಕೂರಿಸಿದ ಪುಟ್ಟ ಡಿಸ್‌ಪ್ಲೇ. ಅದರಲ್ಲಿ ಎಕ್ಸಾಸ್ಟ್ ಗ್ಯಾಸಿನ ತಾಪಮಾನ, ಅಂದ್ರೆ ಎಲ್ಲರೂ ಇಜಿಟಿ ಅನ್ನೋದು, ಕಾಣ್ತಾ ಇತ್ತು: 638, 641, 640 ಡಿಗ್ರಿ. ನಾನು ಇಟ್ಟುಕೊಂಡಿದ್ದ ಅಲಾರಂ 650. ಸ್ವಲ್ಪ ಹೊತ್ತಿಗೆ ನಂಬರು ಇಳಿಯೋಕೆ ಶುರುವಾಯ್ತು. 632, 621, 608. ಸದ್ಯ, ತಣ್ಣಗಾಗ್ತಾ ಇದೆ ಅಂದುಕೊಂಡು ಆಕ್ಸಿಲರೇಟರ್ ಹಾಗೇ ಹಿಡಿದೆ. 590ಕ್ಕೆ ಬರುವಷ್ಟರಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡಿತು.

ಕ್ಲಚ್ ಹಿಡಿದದ್ದು ಅಭ್ಯಾಸಬಲದಿಂದ, ಯೋಚನೆ ಮಾಡಿ ಅಲ್ಲ. ಆಮೇಲೆ ವಾಪಸ್ ನಡೆದುಕೊಂಡು ಹೋಗಿ ನೋಡಿದೆ, ಟಾರ್ ಮೇಲೆ ಹನ್ನೊಂದು ಹೆಜ್ಜೆ ಉದ್ದದ ಕಪ್ಪು ಗೆರೆ. ಹಿಂದೆ ಬರ್ತಿದ್ದ ಟೆಂಪೋ ಪಕ್ಕಕ್ಕೆ ತಿರುಗಿಸಿಕೊಂಡು ಹೋಯ್ತು. ಡ್ರೈವರ್ ಮರಾಠಿಯಲ್ಲಿ ಏನು ಬೈದ ಅಂತ ಬರೆಯೋದು ಬೇಡ.

ಸಂಜೆ ಮೈಸೂರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. "ಬಿದ್ಯಾ?" ಅಂದ್ರು. "ಇಲ್ಲಪ್ಪಾ." ಸ್ವಲ್ಪ ಹೊತ್ತು ಬಿಟ್ಟು, "ಅಷ್ಟು ದುಡ್ಡು ಸುರಿದು ಮೀಟರ್ ಕಟ್ಟಿದ್ಯಲ್ಲೋ, ಅದು ಹೇಳಲಿಲ್ವಾ?"

ಹೇಳಿತ್ತು. ನಾನು ಉಲ್ಟಾ ಓದಿದ್ದೆ. ನಾನು ಎಂಟೆಕ್ ಮಾಡಿದ್ದು ಥರ್ಮಲ್‌ನಲ್ಲಿ, ಹೊಟ್ಟೆಪಾಡು ಜಾವಾದಲ್ಲಿ. (ಕೋಡ್ ಬರೆಯೋ ಜಾವಾ. ನಮ್ಮೂರಿನ ಯಾದವಗಿರಿ ಫ್ಯಾಕ್ಟರಿಯಲ್ಲಿ ತಯಾರಾಗ್ತಿದ್ದ ಜಾವಾ ಅಲ್ಲ.) ಥರ್ಮಲ್ ಓದಿಯೂ ಈ ತಪ್ಪು ಮಾಡಿದ್ದು ನಾಚಿಕೆಯ ವಿಷಯವೇ. ಹಾಗಾಗಿ ಆ ಲಾಗ್ ಫೈಲನ್ನು ಮುಂದಿಟ್ಟುಕೊಂಡೇ ಮಾತಾಡೋಣ.

ಮೊದಲು ಬೈಕಿನ ಪರಿಚಯ. ಆರ್‌ಎಕ್ಸ್ 100 ನಮ್ಮಲ್ಲಿ 1985ರಿಂದ 1996ರ ತನಕ ತಯಾರಾಗಿದ್ದು. 98 ಸಿಸಿ, ಬೋರ್ 50 ಮಿಲಿಮೀಟರ್, ಸ್ಟ್ರೋಕ್ 50 ಮಿಲಿಮೀಟರ್, 7500 ಆರ್‌ಪಿಎಂನಲ್ಲಿ 11 ಎಚ್‌ಪಿ. ಇದು ಕಂಪನಿಯ ಲೆಕ್ಕ. ನನ್ನ ಕಾಲೇಜು ದಿನಗಳ ಹುಚ್ಚಿನ ಕೊನೆಯಲ್ಲಿ, 2014ರಲ್ಲಿ, ಮೈಸೂರಿನ ಒಬ್ಬ ಮೆಕ್ಯಾನಿಕ್ ಹತ್ತಿರ ಪೋರ್ಟ್ ಫೈಲಿಂಗ್ ಮಾಡಿಸಿ, ಹೆಡ್ ತೆಗೆಸಿ ಕಂಪ್ರೆಷನ್ ಏರಿಸಿ, 24 ಮಿಲಿಮೀಟರ್ ಮಿಕುನಿ ಕಾರ್ಬ್ಯುರೇಟರ್ ಹಾಕಿಸಿ, ಸೈಲೆನ್ಸರ್ ಜಾಗಕ್ಕೆ ಹೊಟ್ಟೆ ಉಬ್ಬಿದ ಚೇಂಬರ್ ಕೂರಿಸಿದ್ದೆ. ಆಯಿಲ್ ಪಂಪ್ ತೆಗೆದು ಪೆಟ್ರೋಲಿಗೇ ಟೂ-ಟಿ ಆಯಿಲ್ ಬೆರೆಸೋ ಪದ್ಧತಿ. ಹೀಗೆಲ್ಲ ಬದಲಾಯಿಸಿದ ಗಾಡಿಯನ್ನು ರಸ್ತೆಗೆ ತರೋದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಪ್ಪು. ಮಾಡಿದ್ದೆ, ಒಪ್ಪಿಕೊಳ್ತೀನಿ, ನೀವು ಮಾಡಿ ಅಂತ ಹೇಳ್ತಾ ಇಲ್ಲ. 2023ರಲ್ಲಿ ಅದೇ ಬೈಕು ಶರಾವತಿ ಎಕ್ಸ್‌ಪ್ರೆಸ್ಸಿನ ಪಾರ್ಸೆಲ್ ಬೋಗಿಯಲ್ಲಿ ಟ್ಯಾಂಕ್ ಖಾಲಿ ಮಾಡಿಸಿಕೊಂಡು ದಾದರಿಗೆ ಬಂತು. ಜೆಟ್ ಮಾತ್ರ 2014ರಲ್ಲಿ ಹಾಕಿದ್ದೇ. ಈ ಒಂದು ವಾಕ್ಯ ನೆನಪಿಟ್ಟುಕೊಳ್ಳಿ.

ಇಜಿಟಿ ಅಂದ್ರೆ ಏನು, ಏನಲ್ಲ

ಇಜಿಟಿ ಮೀಟರನ್ನು ಹೆಚ್ಚು ನಂಬಿಕೊಂಡಿರೋದು ಸ್ನೋಮೊಬೈಲ್ ಓಡಿಸೋರು. ಹಿಮದ ಮೇಲೆ ಜಾರೋ ಆ ಗಾಡಿಗಳಲ್ಲಿ ಟೂ-ಸ್ಟ್ರೋಕ್ ಇಂಜಿನ್ನು ಬಹಳ ಹೊತ್ತು ಫುಲ್ ಥ್ರಾಟಲ್‌ನಲ್ಲೇ ಇರುತ್ತೆ, ಹವಾಮಾನ ಸೊನ್ನೆಯಿಂದ ಮೈನಸ್ 30ರವರೆಗೂ ಹೋಗುತ್ತೆ. ಸೊನ್ನೆ ಡಿಗ್ರಿ ಗಾಳಿಗಿಂತ ಮೈನಸ್ 30ರ ಗಾಳಿ ಶೇಕಡಾ 12ರಷ್ಟು ಹೆಚ್ಚು ದಟ್ಟ. ನಿನ್ನೆ ಸರಿಯಾಗಿದ್ದ ಜೆಟ್ ಇವತ್ತು ಪಿಸ್ಟನ್ ಸುಡುತ್ತೆ. ನಮಗೂ ಇದರ ಒಂದು ನಂಟು ಇದೆ. ಸ್ಕೀ-ಡೂ ಸ್ನೋಮೊಬೈಲಿಗೆ ಇಂಜಿನ್ ಕೊಡೋ ಆಸ್ಟ್ರಿಯಾದ ರೋಟಾಕ್ಸ್ ಕಂಪನಿಯ ಟೂ-ಸ್ಟ್ರೋಕ್ ಇಂಜಿನ್ನುಗಳೇ ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ಕಟ್ಟಿದ ಎಕ್ಸ್-ಏರ್ ಅನ್ನೋ ಪುಟ್ಟ ವಿಮಾನಗಳಲ್ಲೂ ಕೂತಿವೆ. ಆಕಾಶದಲ್ಲಿ ಜಾಮ್ ಆದ್ರೆ ಪಕ್ಕಕ್ಕೆ ನಿಲ್ಲಿಸೋ ಹಾಗಿಲ್ಲ, ಅದಕ್ಕೇ ಅಲ್ಲಿ ಇಜಿಟಿ ಮೀಟರಿಗೆ ಅಷ್ಟು ಮರ್ಯಾದೆ. ರೋಟಾಕ್ಸ್ 503 ಇಂಜಿನ್ನಿನ ಕೈಪಿಡಿಯಲ್ಲಿ ಮಾಮೂಲು ಇಜಿಟಿ 460ರಿಂದ 580 ಡಿಗ್ರಿ, ಗರಿಷ್ಠ 650 ಅಂತ ಇದೆ. ನನ್ನ ಅಲಾರಂ ನಂಬರು ಬಂದದ್ದು ಅಲ್ಲಿಂದಲೇ. ಬೇರೆ ಟೀಮಿನ ಕಾನ್ಫಿಗ್ ಫೈಲ್ ಎತ್ತಿ ನಮ್ಮ ಪ್ರೊಡಕ್ಷನ್‌ಗೆ ಹಾಕಿದ ಹಾಗೆ. ಆಫೀಸಿನಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ರಿವ್ಯೂನಲ್ಲಿ ನಾನೇ ಹಿಡಿದು ಕೇಳ್ತಿದ್ದೆ.

ಅಳೆಯೋದು ಹೇಗೆ ಅಂತ ಚುಟುಕಾಗಿ ಹೇಳ್ತೀನಿ. ಇಂಜಿನ್ನಿನಿಂದ ಹೊರಬರೋ ಬೆಂಡ್ ಪೈಪಿಗೆ ತೂತು ಮಾಡಿ, ಒಂದು ನಟ್ ವೆಲ್ಡ್ ಮಾಡಿಸಿ, ಅದರೊಳಗೆ ಕೆ-ಟೈಪ್ ಥರ್ಮೋಕಪಲ್ ಇಳಿಸ್ತಾರೆ. ಎರಡು ಬೇರೆ ಲೋಹದ ತಂತಿ ಸೇರಿದ ತುದಿ ಬಿಸಿಯಾದ್ರೆ ಪುಟ್ಟ ವೋಲ್ಟೇಜ್ ಹುಟ್ಟುತ್ತೆ, ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. 650 ಡಿಗ್ರಿಗೆ 27 ಮಿಲಿವೋಲ್ಟ್. ಅದನ್ನು ಓದೋಕೆ ಮ್ಯಾಕ್ಸ್ 6675 ಅನ್ನೋ ಚಿಪ್, ಅದರ ಹಿಂದೆ ಒಂದು ಇಎಸ್‌ಪಿ 32 ಬೋರ್ಡ್. ಲ್ಯಾಮಿಂಗ್ಟನ್ ರೋಡಿನಲ್ಲಿ ಎಲ್ಲಾ ಸಿಗುತ್ತೆ. ಚಿಪ್ಪನ್ನು ಇಂಜಿನ್ನಿನ ಬಿಸಿ ತಾಗದ ಕಡೆ ಇಡಿ, ಇನ್ಸುಲೇಷನ್ ಸರಿಯಾಗಿರಲಿ, ಅಷ್ಟು ಸಾಕು.

ಈಗ ಮುಖ್ಯ ವಿಷಯ. ಇಂಜಿನ್ನು 9000 ಆರ್‌ಪಿಎಂನಲ್ಲಿ ತಿರುಗ್ತಾ ಇದೆ ಅನ್ನಿ. ಟೂ-ಸ್ಟ್ರೋಕ್ ಅಂದ್ರೆ ಪ್ರತಿ ಸುತ್ತಿಗೆ ಒಂದು ಉರಿ, ಸೆಕೆಂಡಿಗೆ 150 ಉರಿ. ನನ್ನ ಚಿಪ್ ಸೆಕೆಂಡಿಗೆ ನಾಲ್ಕೈದು ಸಲ ಓದುತ್ತೆ. ಅಂದ್ರೆ ಒಂದೊಂದು ರೀಡಿಂಗು ಮೂವತ್ತಕ್ಕೂ ಹೆಚ್ಚು ಉರಿಗಳ ಸರಾಸರಿ. ಅದರ ಮೇಲೆ ಥರ್ಮೋಕಪಲ್ಲಿನ ಸ್ಟೀಲ್ ಕವಚಕ್ಕೇ ಬಿಸಿಯಾಗೋಕೆ ಸಮಯ ಬೇಕು. ಇನ್ನೊಂದು, ಟೂ-ಸ್ಟ್ರೋಕ್‌ನಲ್ಲಿ ಸುಟ್ಟ ಗ್ಯಾಸ್ ಹೊರಗೆ ಹೋಗ್ತಿರೋವಾಗಲೇ ಹೊಸ ಪೆಟ್ರೋಲ್-ಗಾಳಿ ಒಳಗೆ ಬರುತ್ತೆ, ಅದರಲ್ಲಿ ಸ್ವಲ್ಪ ಸುಡದೇ ನೇರ ಪೈಪಿಗೆ ಜಾರುತ್ತೆ. ಸುಟ್ಟದ್ದು ಬಿಸಿ, ಹಸಿಯದ್ದು ತಣ್ಣಗೆ. ಮೀಟರಿಗೆ ಕಾಣೋದು ಈ ಎರಡರ ಮಿಶ್ರಣ. ಸಿಲಿಂಡರಿನ ಒಳಗೆ ಉರಿಯ ಹೊತ್ತಿಗೆ ಗ್ಯಾಸಿನ ತಾಪಮಾನ 2000 ಡಿಗ್ರಿ ದಾಟಿರುತ್ತೆ. ಅದಕ್ಕೂ ನಿಮ್ಮ 640ಕ್ಕೂ ನೇರ ಸಂಬಂಧ ಇಲ್ಲ.

ಇಲ್ಲಿ ನಾನು ಮಾಡಿದ, ಬಹಳ ಜನ ಮಾಡೋ ಒಂದು ತಪ್ಪು ಹೇಳಿಬಿಡ್ತೀನಿ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ. ಮೀಟರ್ 640 ತೋರಿಸ್ತಿದೆ. ಹಾಗಾದ್ರೆ ಪಿಸ್ಟನ್ ಕರಗೋಕೆ ಇನ್ನೂ 20 ಡಿಗ್ರಿ ಬಾಕಿ! ಎಷ್ಟು ಸಲೀಸಾದ ಲೆಕ್ಕ ಅಲ್ವಾ? ಪೂರ್ತಿ ತಪ್ಪು. ಮೀಟರ್ ಅಳೀತಿರೋದು ಪೈಪಿನಲ್ಲಿ ಹೋಗೋ ಗ್ಯಾಸನ್ನು, ಪಿಸ್ಟನ್ನನ್ನಲ್ಲ. ಇನ್ನು ಪಿಸ್ಟನ್ ಮಾಡೋದು ಶುದ್ಧ ಅಲ್ಯೂಮಿನಿಯಮ್ಮಿನಿಂದ ಅಲ್ಲ, ಸಿಲಿಕಾನ್ ಸೇರಿಸಿದ ಮಿಶ್ರಲೋಹದಿಂದ. ಅದು 577 ಡಿಗ್ರಿಯ ಆಸುಪಾಸಿನಲ್ಲೇ ಕರಗೋಕೆ ಶುರುವಾಗುತ್ತೆ. ಕರಗೋದಕ್ಕೆ ಬಹಳ ಮುಂಚೆಯೇ ಮೆತ್ತಗಾಗಿ ಉಬ್ಬುತ್ತೆ. ಮತ್ತೆ 2000 ಡಿಗ್ರಿ ಬೆಂಕಿಯ ಪಕ್ಕದಲ್ಲಿದ್ದೂ ಪಿಸ್ಟನ್ ಹೇಗೆ ಉಳಿಯುತ್ತೆ? ಲೋಹದ ಮೈಗೆ ಅಂಟಿಕೊಂಡು ಒಂದು ತೆಳುವಾದ, ಅಲುಗಾಡದ ಗ್ಯಾಸಿನ ಪದರ ಇರುತ್ತೆ, ಅದು ಕಂಬಳಿಯ ಹಾಗೆ ಕೆಲಸ ಮಾಡುತ್ತೆ. ಒಳಗೆ ಬಂದ ಬಿಸಿಯನ್ನು ರಿಂಗು, ಸಿಲಿಂಡರ್ ಗೋಡೆ, ಕೆಳಗಿನಿಂದ ಬರೋ ಹಸಿ ಪೆಟ್ರೋಲ್ ಹೊತ್ತುಕೊಂಡು ಹೋಗುತ್ತವೆ.

ನಂಬರು ಯಾಕೆ ಇಳಿಯಿತು

ಆಮೇಲೆ ಹೆಡ್ ಬಿಚ್ಚಿದ್ದು ಕುರ್ಲಾದ ಒಂದು ಗ್ಯಾರೇಜಿನಲ್ಲಿ. ಅಲ್ಲಿನ ಚಾಚಾ ಮೀಟರ್ ಕಡೆ ನೋಡಲೂ ಇಲ್ಲ. ಪ್ಲಗ್ ತೆಗೆದು ಬಿಸಿಲಿಗೆ ಹಿಡಿದು, "ಯೇ ದೇಖೋ" ಅಂದ್ರು. ಬಿಳಿ ಪಿಂಗಾಣಿ ಮೇಲೆ ಸೂಜಿಮೊನೆಯಷ್ಟು ಹೊಳೆಯೋ ಚುಕ್ಕೆಗಳು. ಪಿಸ್ಟನ್ನಿನಿಂದ ಎದ್ದು ಬಂದ ಅಲ್ಯೂಮಿನಿಯಂ. ಪಿಸ್ಟನ್ ತಲೆಯ ಅಂಚಿನಲ್ಲಿ, ಎಕ್ಸಾಸ್ಟ್ ಕಡೆ, ಮರಳು ಎರಚಿ ಕೊರೆದ ಹಾಗೆ ಗುಳಿಗಳು. ಬದಿಯಲ್ಲಿ ಉದ್ದುದ್ದ ಗೀರು.

ಆ ಗುಳಿಗಳೇ ಕಥೆ ಹೇಳ್ತವೆ. ಮಾಮೂಲಿ ಉರಿಯಲ್ಲಿ ಬೆಂಕಿ ಪ್ಲಗ್‌ನಿಂದ ಶುರುವಾಗಿ ಸಮವಾಗಿ ಹರಡುತ್ತೆ. ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ, ಕಂಪ್ರೆಷನ್ ಜಾಸ್ತಿ, ಹೆಡ್ ಬಿಸಿ ಅಂತಾದ್ರೆ, ಬೆಂಕಿ ತಲುಪೋ ಮುಂಚೆಯೇ ಮೂಲೆಯಲ್ಲಿರೋ ಮಿಶ್ರಣ ತಾನಾಗೇ ಢಂ ಅನ್ನುತ್ತೆ. ಮೆಕ್ಯಾನಿಕ್ಕುಗಳು ನಾಕಿಂಗ್ ಅನ್ನೋದು, ಪುಸ್ತಕದಲ್ಲಿ ಡೆಟೊನೇಶನ್ ಅನ್ನೋದು ಇದನ್ನೇ. ಕಾರಿನಲ್ಲಾದ್ರೆ ಕಿಣಿಕಿಣಿ ಶಬ್ದ ಕೇಳುತ್ತೆ, ಚೇಂಬರ್ ಹಾಕಿದ ಆರ್‌ಎಕ್ಸ್‌ನಲ್ಲಿ ಏನೂ ಕೇಳಲ್ಲ. ಆ ಸ್ಫೋಟದ ಅಲೆ ಪಿಸ್ಟನ್ ಮೇಲಿನ ಕಂಬಳಿಯನ್ನು, ಅದೇ ಆ ತೆಳು ಗ್ಯಾಸ್ ಪದರವನ್ನು, ಕಿತ್ತು ಹಾಕುತ್ತೆ. ಆಗ ಬಿಸಿ ನೇರವಾಗಿ ಲೋಹಕ್ಕೆ ನುಗ್ಗುತ್ತೆ.

ಈಗ ಲೆಕ್ಕ ಹಾಕಿ. ಪೆಟ್ರೋಲ್ ಕೊಟ್ಟ ಬಿಸಿ ಅಷ್ಟೇ ಇದೆ. ಅದರಲ್ಲಿ ದೊಡ್ಡ ಪಾಲು ಪಿಸ್ಟನ್ನಿಗೂ ಹೆಡ್ಡಿಗೂ ಹೋದ್ರೆ ಪೈಪಿಗೆ ಹೋಗೋ ಗ್ಯಾಸಿನಲ್ಲಿ ಉಳಿಯೋದು ಕಮ್ಮಿ. ಇಜಿಟಿ ಇಳಿಯುತ್ತೆ. ಹೊರಗೆ ಮೀಟರ್ ತಣ್ಣಗಾಗ್ತಿದೆ ಅಂತ ಖುಷಿಪಡ್ತಿದ್ದ ಆ ಎಂಟು ಹತ್ತು ಸೆಕೆಂಡು ಒಳಗೆ ಪಿಸ್ಟನ್ ಬೇಯ್ತಾ ಇತ್ತು. ಸರ್ವರಿನಲ್ಲಿ ರಿಕ್ವೆಸ್ಟುಗಳ ಸಂಖ್ಯೆ ಇದ್ದಕ್ಕಿದ್ದಂತೆ ಇಳಿದ್ರೆ ಲೋಡ್ ಕಮ್ಮಿಯಾಯ್ತು ಅಂತ ಖುಷಿಪಡೋ ಹುಡುಗನಿಗೆ ನಾವೇನು ಹೇಳ್ತೀವಿ? ಮೊದಲು ಲೋಡ್ ಬ್ಯಾಲೆನ್ಸರ್ ಬದುಕಿದ್ಯಾ ನೋಡಪ್ಪಾ ಅಂತೀವಿ.

ಇಳಿಯೋದಕ್ಕೆ ಇನ್ನೂ ಕಾರಣಗಳಿವೆ. ಮಿಶ್ರಣ ರಿಚ್‌ನಿಂದ ಲೀನ್ ಕಡೆಗೆ ಹೋದ ಹಾಗೆ ಇಜಿಟಿ ಏರುತ್ತೆ ಅನ್ನೋದು ನಿಜ, ಆದ್ರೆ ಒಂದು ಶಿಖರದ ತನಕ ಮಾತ್ರ. ಗಾಳಿ ಪೆಟ್ರೋಲಿನ ಸರಿಸಮ ಪ್ರಮಾಣ, ತೂಕದಲ್ಲಿ 14.7ಕ್ಕೆ 1, ಅದರ ಆಸುಪಾಸಿನಲ್ಲಿ ಶಿಖರ. ಅದನ್ನು ದಾಟಿ ಇನ್ನೂ ಲೀನ್ ಆದ್ರೆ ಸುಡೋಕೆ ಪೆಟ್ರೋಲೇ ಸಾಲದೆ ನಂಬರು ಮತ್ತೆ ಇಳಿಯುತ್ತೆ. ಹಾಗಾಗಿ 600 ಅನ್ನೋ ಒಂದೇ ನಂಬರು ಗುಡ್ಡದ ಎರಡೂ ಬದಿಯಲ್ಲಿ ಸಿಗುತ್ತೆ. ನೀವು ಯಾವ ಬದಿಯಲ್ಲಿದ್ದೀರಿ ಅಂತ ಮೀಟರ್ ಹೇಳಲ್ಲ.

ಇಗ್ನಿಷನ್ ಟೈಮಿಂಗ್‌ನದು ಇನ್ನೂ ತಮಾಷೆ. ಕಿಡಿ ಮುಂಚೆ ಕೊಟ್ರೆ ಉರಿ ಸಿಲಿಂಡರಿನೊಳಗೇ ಮುಗಿಯುತ್ತೆ. ಇಂಜಿನ್ ಬಿಸಿ, ಪೈಪ್ ತಣ್ಣಗೆ, ಮೀಟರ್ ಕಮ್ಮಿ. ತಡವಾಗಿ ಕೊಟ್ರೆ ಪೋರ್ಟ್ ತೆರೆಯೋ ಹೊತ್ತಿಗೂ ಇನ್ನೂ ಉರೀತಾ ಇರುತ್ತೆ. ಇಂಜಿನ್ನಿಗೆ ಹೊರೆ ಕಮ್ಮಿ, ಮೀಟರ್ ಜಾಸ್ತಿ. ಮೀಟರನ್ನು ಮಾತ್ರ ನೋಡಿದ್ರೆ ಟೈಮಿಂಗ್ ಅಡ್ವಾನ್ಸ್ ಮಾಡಿದವನೇ ಜಾಣ ಅನ್ನಿಸುತ್ತೆ. ಡ್ರ್ಯಾಗ್ ಗಾಡಿ ಮಾಡೋರು ಬೇಕಂತಲೇ ಮೇಲಿನ ಆರ್‌ಪಿಎಂನಲ್ಲಿ ಟೈಮಿಂಗ್ ಹಿಂದೆ ಹಾಕ್ತಾರೆ, ಯಾಕಂದ್ರೆ ಚೇಂಬರ್ ಕೆಲಸ ಮಾಡೋದು ಶಬ್ದದ ಅಲೆಯಿಂದ. ಗ್ಯಾಸ್ ಬಿಸಿಯಾದ್ರೆ ಅಲೆಯ ವೇಗ ಹೆಚ್ಚುತ್ತೆ. ಚೇಂಬರಿನೊಳಗಿನ ಗ್ಯಾಸ್ 450ರಿಂದ 600 ಡಿಗ್ರಿಗೆ ಏರಿದ್ರೆ ಶಬ್ದದ ವೇಗ ಶೇಕಡಾ 10ರಷ್ಟು ಏರುತ್ತೆ, ಪೈಪ್ ಚೆನ್ನಾಗಿ ಎಳೆಯೋ ಆರ್‌ಪಿಎಂ ಕೂಡ ಅಷ್ಟೇ ಮೇಲೆ ಸರಿಯುತ್ತೆ. ಹಾಗಾಗಿ ಮಾಡಿಫೈ ಮಾಡಿದ ಇಂಜಿನ್ನಿಗೆ ಪುಸ್ತಕದ ನಂಬರು ಹೊಂದಲ್ಲ. ಪೈಪ್ ಬದಲಾದ್ರೆ, ಪೋರ್ಟ್ ಎತ್ತರ ಬದಲಾದ್ರೆ, ಮಾಮೂಲು ಇಜಿಟಿಯೇ ಬದಲಾಗುತ್ತೆ.

ಇಷ್ಟೆಲ್ಲಾ ಆದಮೇಲೆ ಪ್ರೋಬ್ ಎಲ್ಲಿದೆ ಅನ್ನೋದು. ಸಾಮಾನ್ಯವಾಗಿ ಪಿಸ್ಟನ್ ಅಂಚಿನಿಂದ 10ರಿಂದ 15 ಸೆಂಟಿಮೀಟರ್ ದೂರದಲ್ಲಿ ಇಡ್ತಾರೆ. ನನ್ನ ವೆಲ್ಡರ್ ಕೈ ಆಡೋ ಜಾಗ ನೋಡಿಕೊಂಡು 22 ಸೆಂಟಿಮೀಟರಿಗೆ ಹಾಕಿದ್ದ, ನಾನೂ ಆಗಲಿ ಬಿಡು ಅಂದಿದ್ದೆ. ಗ್ಯಾಸ್ ಪೈಪಿನಲ್ಲಿ ಹೋಗ್ತಾ ಹೋಗ್ತಾ ತಣ್ಣಗಾಗುತ್ತೆ. ಆಮೇಲೆ 11 ಸೆಂಟಿಮೀಟರಿಗೆ ಬದಲಾಯಿಸಿದಾಗ ಅದೇ ಜೆಟ್, ಅದೇ ವೇಗಕ್ಕೆ ನಂಬರು 50 ಡಿಗ್ರಿಗೂ ಮೇಲೆ ಹೋಯ್ತು. ನನ್ನ ಅವತ್ತಿನ 640 ಅಂದ್ರೆ ಕೈಪಿಡಿಯ ಲೆಕ್ಕದಲ್ಲಿ ಯಾವತ್ತೋ 650 ದಾಟಿತ್ತು.

ಮೈಸೂರಿನ ಜೆಟ್, ಮುಂಬೈ ಗಾಳಿ

ಆದ್ರೆ ಲೀನ್ ಆದದ್ದು ಯಾಕೆ? ಹನ್ನೊಂದು ವರ್ಷ ಏನೂ ಆಗದ ಜೆಟ್ ಅದು. ಇದು ಊರು ಬಿಟ್ಟು ಬಂದ ನಮ್ಮಂಥವರ ಗಾಡಿಗಳ ಕಥೆ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ.

ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಮುಂಬೈಗಿಂತ ಶೇಕಡಾ 9ರಷ್ಟು ಕಮ್ಮಿ. ಜೆಟ್ ಹಾಕಿದ್ದು ಏಪ್ರಿಲ್ ಮಧ್ಯಾಹ್ನ, 35 ಡಿಗ್ರಿ ಬಿಸಿಲು. ಆ ಗಾಳಿಯ ಸಾಂದ್ರತೆ ಲೆಕ್ಕ ಹಾಕಿದ್ರೆ ಘನ ಮೀಟರಿಗೆ 1.05 ಕೆಜಿ. ಪನವೇಲಿನ ಆ ಜನವರಿ ಬೆಳಿಗ್ಗೆ 16 ಡಿಗ್ರಿ, ಸಮುದ್ರಮಟ್ಟದ ಒತ್ತಡ: 1.22 ಕೆಜಿ. ಶೇಕಡಾ 17ರಷ್ಟು ಹೆಚ್ಚು ಗಾಳಿ! ಇಂಜಿನ್ ಅವತ್ತು ಅಷ್ಟು ಚೆನ್ನಾಗಿ ಎಳೆದದ್ದು ಅದಕ್ಕೇ. ಗಾಳಿ ದಟ್ಟವಾದ್ರೆ ಕಾರ್ಬ್ಯುರೇಟರ್ ಪೆಟ್ರೋಲನ್ನೂ ಸ್ವಲ್ಪ ಜಾಸ್ತಿ ಎಳೆಯುತ್ತೆ, ಆದ್ರೆ ಸಾಂದ್ರತೆಯ ವರ್ಗಮೂಲದಷ್ಟು ಮಾತ್ರ. ಆಗಬೇಕಾದದ್ದು 17, ಆದದ್ದು 8. ಉಳಿದ 8ರಷ್ಟು ಲೀನ್.

ಎರಡನೇದು ಪೆಟ್ರೋಲು. 2014ರಲ್ಲಿ ಬಂಕಿನಲ್ಲಿ ಸಿಗ್ತಿದ್ದ ಪೆಟ್ರೋಲಿನಲ್ಲಿ ಎಥನಾಲ್ ಬಹಳ ಕಮ್ಮಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20ಗೆ ಚಾಲನೆ ಕೊಟ್ಟದ್ದು ನೆನಪಿರಬಹುದು. ಶೇಕಡಾ 20 ಎಥನಾಲ್. ಎಥನಾಲ್ ಅಣುವಿನಲ್ಲೇ ಆಮ್ಲಜನಕ ಇರೋದ್ರಿಂದ ಅದಕ್ಕೆ ಬೇಕಾದ ಗಾಳಿ ಕಮ್ಮಿ, 9ಕ್ಕೆ 1 ಸಾಕು. ಇ20ಗೆ ಸುಮಾರು 13.5ಕ್ಕೆ 1. ಅಂದ್ರೆ ಅಷ್ಟೇ ಗಾಳಿಗೆ ಶೇಕಡಾ ಏಳೆಂಟರಷ್ಟು ಹೆಚ್ಚು ಇಂಧನ ಬೇಕು. ಹೊಸ ಗಾಡಿಗಳಲ್ಲಿ ಸೆನ್ಸರ್ ನೋಡಿ ಇಂಜೆಕ್ಟರ್ ಸರಿಮಾಡಿಕೊಳ್ಳುತ್ತೆ. ಆರ್‌ಎಕ್ಸ್‌ನ ಹಿತ್ತಾಳೆ ಜೆಟ್ಟಿಗೆ ಇದ್ಯಾವುದೂ ಗೊತ್ತಿಲ್ಲ. ಎಥನಾಲ್ ಆವಿಯಾಗುವಾಗ ಹೆಚ್ಚು ಬಿಸಿ ಹೀರುತ್ತೆ, ನಾಕಿಂಗ್ ತಡೆಯುತ್ತೆ ಅನ್ನೋದೂ ನಿಜ, ಅದರ ಪುಣ್ಯದಿಂದಲೇ ಎರಡು ವರ್ಷ ಓಡಿತೋ ಏನೋ. ಅದೇ ತಂಪು ಮೀಟರನ್ನೂ ಸ್ವಲ್ಪ ಇಳಿಸುತ್ತೆ ಅನ್ನೋದನ್ನು ಮರೀಬೇಡಿ.

ಮೂರನೇದು ನನ್ನ ಜಾಣತನ. ಲಾಂಗ್ ರೈಡ್ ಅಂತ ಎಂಜಿನ್ ಸೇಫ್ ಆಗಿರಲಿ ಅಂದುಕೊಂಡು 40ಕ್ಕೆ 1 ಹಾಕ್ತಿದ್ದ ಆಯಿಲನ್ನು 20ಕ್ಕೆ 1 ಮಾಡಿದ್ದೆ. ಜೆಟ್ಟಿನ ತೂತು ಅಷ್ಟೇ. ಅದರಲ್ಲಿ ಹೋಗೋ ದ್ರವದಲ್ಲಿ ಆಯಿಲ್ ಪಾಲು ಜಾಸ್ತಿಯಾದ್ರೆ ಪೆಟ್ರೋಲ್ ಪಾಲು ಕಮ್ಮಿ. ಇನ್ನೊಂದು ಶೇಕಡಾ ಎರಡೂವರೆ ಲೀನ್. ಮೂರೂ ಗುಣಿಸಿದ್ರೆ ಶೇಕಡಾ 19ರ ಹತ್ತಿರ. ಮೈಸೂರಿನಲ್ಲಿ ಚೆನ್ನಾಗಿ ರಿಚ್ ಆಗಿ, 12ಕ್ಕೆ 1ರಲ್ಲಿ ಸೆಟ್ ಮಾಡಿದ್ದರೂ, ಇಲ್ಲಿಗೆ ಬರುವಷ್ಟರಲ್ಲಿ ಹೆಚ್ಚುಕಮ್ಮಿ ಆ ಶಿಖರದ ಬುಡಕ್ಕೇ ಬಂದಿರುತ್ತೆ. ಗಾಳಿಯಿಂದಲೇ ತಣ್ಣಗಾಗಬೇಕಾದ, ಹೆಡ್ ತೆಗೆಸಿದ ಇಂಜಿನ್ನು ಅಲ್ಲಿ ಬಹಳ ಹೊತ್ತು ನಿಲ್ಲಲ್ಲ.

ಹಾಗಾದ್ರೆ ಜುಲೈನಲ್ಲಿ ಯಾಕೆ ಏನೂ ಆಗಲಿಲ್ಲ? ಮಳೆಗಾಲದ ಮುಂಬೈ ಗಾಳಿಯಲ್ಲಿ ನೀರಿನ ಆವಿಯೇ ಶೇಕಡಾ 3ರಷ್ಟು ಜಾಗ ಹಿಡಿದಿರುತ್ತೆ, ಜೊತೆಗೆ ಬಿಸಿ. ಆಮ್ಲಜನಕ ಕಮ್ಮಿ, ಮಿಶ್ರಣ ತಾನಾಗೇ ರಿಚ್. ನನ್ನ ಹಳೇ ಲಾಗುಗಳಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರ್ ತನಕ ಇಜಿಟಿ ಒಮ್ಮೆಯೂ 615 ದಾಟಿಲ್ಲ. ನವೆಂಬರಿನಿಂದ ಮೆಲ್ಲಗೆ ಏರಿದೆ. ವಿಡಿಯೋದಲ್ಲಿ ತೋರಿಸಿದ ನೀಲಿ ಗೆರೆ ಅದೇ. ಕಣ್ಣ ಮುಂದೆಯೇ ಇತ್ತು, ನಾನು 650ರ ಕೆಂಪು ಗೆರೆ ಒಂದನ್ನೇ ನೋಡ್ತಾ ಕೂತಿದ್ದೆ.

ಘಾಟಿನ ಬಗ್ಗೆ ಒಂದು ಮಾತು. ಲೋಣಾವಳ ಸುಮಾರು 620 ಮೀಟರ್ ಎತ್ತರ, ಒತ್ತಡ ಶೇಕಡಾ 7 ಕಮ್ಮಿ. ಹತ್ತುವಾಗ ಮಿಶ್ರಣ ರಿಚ್ ಆಗ್ತಾ ಹೋಗುತ್ತೆ. ಹತ್ತೋದಕ್ಕಿಂತ ನನಗೆ ಭಯ ಇಳಿಯೋದು. ಪೆಟ್ರೋಲಿಗೆ ಆಯಿಲ್ ಬೆರೆಸೋ ಗಾಡಿಯಲ್ಲಿ ಆಕ್ಸಿಲರೇಟರ್ ಮುಚ್ಚಿ, ಎರಡನೇ ಗೇರಿನಲ್ಲಿ ಇಂಜಿನ್ ಬ್ರೇಕ್ ಮಾಡ್ತಾ ಖಂಡಾಳದಿಂದ ಖೊಪೋಲಿಗೆ ಇಳಿದ್ರೆ, ಆರ್‌ಪಿಎಂ ಜಾಸ್ತಿ, ಪೆಟ್ರೋಲ್ ಹೆಚ್ಚುಕಮ್ಮಿ ಇಲ್ಲ, ಅದರ ಜೊತೆ ಬರಬೇಕಾದ ಆಯಿಲೂ ಇಲ್ಲ. ಮೀಟರ್ 300 ತೋರಿಸ್ತಾ ನಗುತ್ತೆ, ಒಳಗೆ ಪಿಸ್ಟನ್ ಒಣಗಿದ ಗೋಡೆಗೆ ಉಜ್ಜಿಕೊಳ್ತಿರುತ್ತೆ. ಆಗಾಗ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲರೇಟರ್ ಕೊಡೋದು ನಮ್ಮ ಅಪ್ಪನ ಕಾಲದವರ ಅಭ್ಯಾಸ. ಸುಮ್ಮನೆ ಸ್ಟೈಲಿಗೆ ಮಾಡ್ತಾರೆ ಅಂದುಕೊಂಡಿದ್ದೆ.

ಈಗ ಓದೋ ರೀತಿ

ಹೊಸ ಪಿಸ್ಟನ್ ಹಾಕಿಸಿ, ಬೋರ್ ಮಾಡಿಸಿ, ಮೊದಲಿಂದ ಶುರುಮಾಡಿದೆ. ಮೊದಲು ಜೆಟ್ ಬೇಕಂತಲೇ ದೊಡ್ಡದು, ಹಳೇ 150ರ ಜಾಗಕ್ಕೆ 185. ಫುಲ್ ಥ್ರಾಟಲ್‌ನಲ್ಲಿ ಬ್ಲಬ್ ಬ್ಲಬ್ ಅಂತ ಒಂದು ಬಿಟ್ಟು ಒಂದು ಉರಿ ತಪ್ಪೋ ಶಬ್ದ, ಅಂದ್ರೆ ತೀರಾ ರಿಚ್. ಅಲ್ಲಿಂದ ಒಂದೊಂದೇ ಸೈಜ್ ಇಳಿಸಿದೆ. ಒಂದೊಂದು ಜೆಟ್ಟಿಗೂ ಮೂರನೇ ಗೇರಿನಲ್ಲಿ ಪೂರ್ತಿ ಎಳೆದು, ಹಾಗೇ ಇಗ್ನಿಷನ್ ಆಫ್ ಮಾಡಿ ಕ್ಲಚ್ ಹಿಡಿದು ನಿಲ್ಲಿಸಿ, ಪ್ಲಗ್ ತೆಗೆದು ನೋಡೋದು. ಪಿಂಗಾಣಿಯ ಬುಡದಲ್ಲಿ ಕಾಫಿ ಬಣ್ಣದ ಉಂಗುರ ಬೇಕು. ಬಿಳಿಯಾದ್ರೆ ಲೀನ್, ಚುಕ್ಕೆ ಕಂಡ್ರೆ ಅಲ್ಲಿಗೇ ನಿಲ್ಲಿಸಿ. ಜೊತೆಗೆ ಆ ಹೊತ್ತಿನ ಇಜಿಟಿ, ಗಾಳಿಯ ತಾಪಮಾನ, ಒತ್ತಡ ಬರೆದುಕೊಳ್ಳೋದು. 170ರಲ್ಲಿ ಪ್ಲಗ್ ನನಗೆ ಬೇಕಾದ ಬಣ್ಣಕ್ಕೆ ಬಂತು. ಅವತ್ತು ಮೀಟರ್ ತೋರಿಸಿದ್ದು 628, ಹೊಸ ಜಾಗದ ಪ್ರೋಬ್‌ನಲ್ಲಿ. ಇದು ನನ್ನ ಇಂಜಿನ್ನಿನ, ನನ್ನ ಪೈಪಿನ, ನನ್ನ ಪ್ರೋಬಿನ ನಂಬರು. ನಿಮ್ಮದಕ್ಕೆ ದಯವಿಟ್ಟು ಹಾಕಬೇಡಿ. ನಿಮ್ಮದು ಪ್ಲಗ್ ನೋಡಿ ನೀವೇ ಕಂಡುಕೊಳ್ಳಬೇಕು.

ಅಲಾರಂ ಕೋಡನ್ನೂ ಬದಲಾಯಿಸಿದೆ. ಮುಂಚೆ ಒಂದೇ ಸಾಲು ಇತ್ತು: 650 ದಾಟಿದ್ರೆ ಕೂಗು. ಈಗ ಕಾರ್ಬ್ಯುರೇಟರಿಗೆ ಒಂದು ಥ್ರಾಟಲ್ ಸೆನ್ಸರ್ ಸೇರಿಸಿದ್ದೀನಿ. ಥ್ರಾಟಲ್ ಎಷ್ಟು ತೆರೆದಿದೆ ಅನ್ನೋದರ ಮೇಲೆ ಮಾಮೂಲು ಇಜಿಟಿ ಎಷ್ಟಿರಬೇಕು ಅಂತ ಒಂದು ಟೇಬಲ್. ಅದಕ್ಕಿಂತ 25 ಡಿಗ್ರಿ ಮೇಲೆ ಹೋದ್ರೆ ಹಳದಿ ದೀಪ. ಥ್ರಾಟಲ್ ಕದಲದೇ ಇದ್ದು, ಮೂರು ಸೆಕೆಂಡಿನಲ್ಲಿ ಇಜಿಟಿ 12 ಡಿಗ್ರಿಗಿಂತ ಹೆಚ್ಚು ಇಳಿದ್ರೆ ಕೆಂಪು ದೀಪ, ಬಝರ್ ಎರಡೂ. ಕೆಂಪು ಅಂದ್ರೆ ಯೋಚನೆ ಇಲ್ಲ, ಕ್ಲಚ್. ಹಳೇ ಲಾಗನ್ನು ಈ ಕೋಡಿಗೆ ತಿನ್ನಿಸಿ ನೋಡಿದೆ. ಚಕ್ರ ಕಚ್ಚೋದಕ್ಕೆ ಆರು ಸೆಕೆಂಡು ಮುಂಚೆ ಕೆಂಪು ಬರುತ್ತೆ. ಸುಳ್ಳು ಅಲಾರಮ್ಮೂ ಬರುತ್ತೆ, ಚೇಂಬರ್ ತಣ್ಣಗಿದ್ದಾಗ ಮೊದಲ ಎರಡು ಕಿಲೋಮೀಟರ್ ನಂಬರು ಸುಮ್ಮನೆ ಹೊಯ್ದಾಡುತ್ತೆ. ಅದಕ್ಕೆ ಮೊದಲ ಐದು ನಿಮಿಷ ಬಝರ್ ಬಂದ್ ಇಟ್ಟಿದ್ದೀನಿ. ಸರಿಯಾದ ಉಪಾಯ ಅಲ್ಲ ಅಂತ ಗೊತ್ತು, ಇನ್ನೂ ಒಳ್ಳೇದು ಹೊಳೆದಿಲ್ಲ.

ಒಂದು ಎಚ್ಚರಿಕೆ ಬಾಕಿ ಇದೆ. ಜೆಟ್ ಸರಿಯಿದ್ದೂ ಇಜಿಟಿ ದಿನದಿಂದ ದಿನಕ್ಕೆ ಏರ್ತಾ ಇದ್ರೆ, ಆಕ್ಸಿಲರೇಟರ್ ಬಿಟ್ಟ ಮೇಲೂ ಐಡಲ್ ತಕ್ಷಣ ಇಳಿಯದೆ ನೇತಾಡ್ತಾ ಇದ್ರೆ, ಜೆಟ್ಟಿನ ಮೇಲೆ ಕೈ ಹಾಕಬೇಡಿ. ಕ್ರ್ಯಾಂಕ್ ಸೀಲೋ ರಬ್ಬರ್ ಬೂಟೋ ಸೀಳಿ ಹೊರಗಿನ ಗಾಳಿ ಎಳೀತಾ ಇರುತ್ತೆ. ಹಳೇ ಆರ್‌ಎಕ್ಸ್‌ಗಳಲ್ಲಿ ರಬ್ಬರ್ ಎಲ್ಲಾ ಮೂವತ್ತು ವರ್ಷದ್ದು. ಅಲ್ಲಿ ದೊಡ್ಡ ಜೆಟ್ ಹಾಕಿ ನಂಬರು ಇಳಿಸೋದು ಅಂದ್ರೆ ಬಗ್ ಬಿಟ್ಟು ಲಾಗ್ ಲೆವೆಲ್ ಬದಲಾಯಿಸಿದ ಹಾಗೆ.

ಹೋದ ತಿಂಗಳು ಅಪ್ಪ ಮುಂಬೈಗೆ ಬಂದಿದ್ರು. ಸೊಸೈಟಿ ಪಾರ್ಕಿಂಗ್‌ನಲ್ಲಿ ಬೈಕಿನ ಸುತ್ತ ಒಂದು ಸುತ್ತು ಬಂದು, ಕಿಕ್ ಹೊಡೆದು, ಮೀಟರಿನ ಮೇಲೆ ಕೈ ಅಡ್ಡ ಹಿಡಿದು ಎರಡು ನಿಮಿಷ ಇಂಜಿನ್ ಶಬ್ದ ಕೇಳಿದ್ರು. "ಸ್ವಲ್ಪ ರಿಚ್ ಇದೆ ಅಲ್ವೇನೋ?" ಅಂದ್ರು. ಹೌದು, ಮಾರ್ಚಿನ ಬಿಸಿಲಿಗೆ 170 ಸ್ವಲ್ಪ ಜಾಸ್ತಿಯೇ. ಮೇ ತಿಂಗಳಿಗೆ 165 ಹಾಕೋ ಯೋಚನೆ ಇದೆ, ನವೆಂಬರಿಗೆ ವಾಪಸ್ 170. ಕ್ಯಾಲೆಂಡರಿನಲ್ಲಿ ರಿಮೈಂಡರ್ ಇಟ್ಟಿದ್ದೀನಿ.